ಒಳಗೆಲ್ಲ ಹಸಿರು, ಹೊರಗೆ ಬಾಗಿಲೇ ಬಂದ್: ವೆಬ್‌ಸೈಟನ್ನು ಎರಡೂ ಕಡೆಯಿಂದ ಕಾಯುವುದು ಹೇಗೆ

ಭಾನುವಾರ ಬೆಳಗ್ಗೆ ದೋಸೆ ತಿನ್ನುತ್ತಾ ಕೂತಿದ್ದೆ, ಫೋನ್ ಬಂತು. ಶಿರಸಿ ಕಡೆಯ ಪರಿಚಯದವರೊಬ್ಬರು ಉಪ್ಪಿನಕಾಯಿ, ಹಪ್ಪಳ ಮಾರುತ್ತಾರೆ, ಅವರ ಸೈಟ್ ನೋಡಿಕೊಳ್ಳುವುದು ನಾನು. "ಅಣ್ಣಾ, ಸೈಟ್ ಓಪನ್ ಮಾಡಿದ್ರೆ ಇದು ಸೇಫ್ ಅಲ್ಲ ಅಂತ ಬರ್ತಿದ್ಯಂತೆ, ಬೆಳಗ್ಗೆಯಿಂದ ಎಲ್ಲರೂ ಸ್ಕ್ರೀನ್‌ಶಾಟ್ ಕಳಿಸ್ತಿದಾರೆ." ಸರ್ವರ್ ಒಳಗಿನ ಸ್ಥಿತಿಯನ್ನು ಗ್ರಾಫ್‌ಗಳಲ್ಲಿ ತೋರಿಸುವ ಗ್ರಫಾನಾ ತೆಗೆದು ನೋಡಿದೆ. ಸಿಪಿಯು ಶೇ. 4. ಮೆಮೊರಿ ಆರಾಮ. ಡೇಟಾಬೇಸ್ ಆರಾಮ. ಜನ ಒಳಗೇ ಬರುತ್ತಿಲ್ಲ ಅಂದಮೇಲೆ ಆರಾಮಾಗಿರದೆ ಇನ್ನೇನು!

ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟ್‌ನ ಅವಧಿ ಮುಗಿದಿತ್ತು. ಅದು ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಸರ್ಟಿಫಿಕೇಟ್, ಅದನ್ನು ತಾನಾಗಿ ನವೀಕರಿಸುವ ಸರ್ಟ್‌ಬಾಟ್ 30 ದಿನ ಬಾಕಿ ಇರುವಾಗಲೇ ಹೊಸದನ್ನು ತಂದು ಡಿಸ್ಕ್ ಮೇಲೆ ಇಟ್ಟಿತ್ತು, ದಿನಾ ಆ ಫೈಲನ್ನೇ ನೋಡುವ ನನ್ನ ಸ್ಕ್ರಿಪ್ಟ್ ಅವತ್ತೂ "ಇನ್ನೂ 60 ದಿನ ಇದೆ" ಅನ್ನುತ್ತಿತ್ತು, ಪುಟಗಳನ್ನು ಜನರಿಗೆ ಕೊಡುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ಮಾತ್ರ ರೀಲೋಡ್ ಆಗದೆ ಹಳೆಯದನ್ನೇ ಜನರಿಗೆ ತೋರಿಸುತ್ತಿತ್ತು. ರೀಲೋಡ್ ಕೊಟ್ಟೆ, ಎರಡು ಸೆಕೆಂಡಲ್ಲಿ ಸರಿಹೋಯಿತು. ಹೊರಗಿನಿಂದ ಯಾರಾದರೂ ಒಮ್ಮೆ ಬಾಗಿಲು ತಟ್ಟಿ ನೋಡಿದ್ದರೆ ವಾರದ ಮೊದಲೇ ಗೊತ್ತಾಗುತ್ತಿತ್ತು.

ಹಾಗಂತ ಹೊರಗಿನ ಟೂಲ್ ಒಂದೇ ಸಾಕು ಅಂದುಕೊಳ್ಳಬೇಡಿ. ಸೈಟ್ ಬಿದ್ದಿದೆ ಅಂತ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಎರಡನ್ನೂ ಇಟ್ಟುಕೊಂಡರೂ ಬೇರೆ ಬೇರೆ ಕಿಟಕಿಯಲ್ಲಿ ತೆರೆದಿಟ್ಟರೆ ಪ್ರಯೋಜನ ಅಷ್ಟಕ್ಕಷ್ಟೆ. ಜೋಡಿಸಬೇಕು.

ಮೊದಲು ಒಳಗಿನದು. ಸರ್ವರ್‌ನಲ್ಲಿ ಸಿಪಿಯು, ಮೆಮೊರಿ ಅಂಕಿಗಳನ್ನು ಹೊರಗೆ ಕೊಡುವ ನೋಡ್ ಎಕ್ಸ್‌ಪೋರ್ಟರ್ ಹಾಕಿ, ಅಂಕಿಗಳನ್ನು ಕೂಡಿಡುವ ಪ್ರೊಮೀಥಿಯಸ್‌ಗೆ 15 ಸೆಕೆಂಡಿಗೊಮ್ಮೆ ಅದನ್ನು ಓದಲು ಹೇಳಿ. ಆದರೆ ಪ್ರೊಮೀಥಿಯಸ್ ಮತ್ತು ಗ್ರಫಾನಾವನ್ನು ಅದೇ ಸರ್ವರ್‌ನಲ್ಲಿ ಇಡಬೇಡಿ. ನಾನು ಇಟ್ಟಿದ್ದೆ. ಮನೆಗೆ ಬೆಂಕಿ ಬಿದ್ದರೆ ಕಾವಲುಗಾರನೂ ಒಳಗೇ ಇರುತ್ತಾನೆ, ಅಲ್ವಾ? ಬೇರೆ ಕಂಪನಿಯ ಒಂದು ಅಗ್ಗದ ವಿಪಿಎಸ್ (ಬಾಡಿಗೆಯ ಚಿಕ್ಕ ಸರ್ವರ್) ಸಾಕು. ನೋಡ್ ಎಕ್ಸ್‌ಪೋರ್ಟರ್ ಅಂಕಿ ಕೊಡುವ 9100 ಪೋರ್ಟನ್ನು ಆ ವಿಪಿಎಸ್‌ನ ಐಪಿಗೆ ಮಾತ್ರ ತೆರೆಯಿರಿ. ಊರಿಗೆಲ್ಲ ತೆರೆದಿಟ್ಟರೆ ನಿಮ್ಮ ಸರ್ವರ್ ಜಾತಕ ಯಾರು ಬೇಕಾದರೂ ಓದಬಹುದು.

ಅದಕ್ಕಿಂತ ಮುಖ್ಯವಾದ ಕೆಲಸ, ಯಾರು ಯಾವ ಪುಟ ಕೇಳಿದರು ಅಂತ ಬರೆದಿಡುವ ಎಂಜಿನ್‌ಎಕ್ಸ್ ಲಾಗ್‌ನಲ್ಲಿದೆ. ಮಾಮೂಲಿ ಲಾಗ್‌ನಲ್ಲಿ ಎಷ್ಟು ಹೊತ್ತು ಹಿಡಿಯಿತು ಅನ್ನುವುದೇ ಇರುವುದಿಲ್ಲ. ರಿಕ್ವೆಸ್ಟ್ ಟೈಮ್ (ಗಿರಾಕಿಗೆ ಪುಟ ಕೊಟ್ಟು ಮುಗಿಸುವವರೆಗಿನ ಒಟ್ಟು ಸಮಯ), ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್ (ಹಿಂದೆ ಪುಟ ತಯಾರಿಸುವ ಪಿಎಚ್‌ಪಿ ಉತ್ತರ ಕೊಡಲು ಹಿಡಿದ ಸಮಯ), ಈ ಎರಡನ್ನೂ ಲಾಗ್ ಫಾರ್ಮ್ಯಾಟ್‌ಗೆ ಸೇರಿಸಿ. ಎರಡೂ 6 ಸೆಕೆಂಡ್ ಇದ್ದರೆ ಪಿಎಚ್‌ಪಿ ಅಥವಾ ಡೇಟಾಬೇಸ್ ಒದ್ದಾಡುತ್ತಿದೆ. ಮೊದಲನೆಯದು 6, ಎರಡನೆಯದು 0.2 ಇದ್ದರೆ ನಿಮ್ಮ ಕಡೆ ಕೆಲಸ ಬೇಗ ಮುಗಿದಿದೆ, ಬಹುಶಃ ಗಿರಾಕಿ ಘಟ್ಟದ ಯಾವುದೋ ತಿರುವಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಇಟ್ಟುಕೊಂಡು ಕೂತಿದ್ದಾರೆ.

ಇನ್ನು ಹೊರಗಿನದು. ಹೊರಗಿನಿಂದ ಸೈಟ್ ತೆರೆದು ನೋಡುವ ಅಪ್‌ಟೈಮ್‌ರೋಬಾಟ್‌ನಂಥ ಸೇವೆ 5 ನಿಮಿಷಕ್ಕೊಮ್ಮೆ ನೋಡುವುದಾದರೆ, ಸೈಟ್ 4 ನಿಮಿಷ ಬಿದ್ದು ಎದ್ದರೆ ಅದಕ್ಕೆ ಗೊತ್ತೇ ಆಗದಿರಬಹುದು. ಪರವಾಗಿಲ್ಲ. ಎಲ್ಲರೂ ಮಾಡುವ ತಪ್ಪು ಬೇರೆ: ಹೋಮ್‌ಪೇಜ್ ವಿಳಾಸ ಕೊಟ್ಟು ಸುಮ್ನೆ ಕೂರುವುದು. ಮುಂದೆ ಸಿಡಿಎನ್ (ಪುಟಗಳ ಪ್ರತಿ ಇಟ್ಟುಕೊಂಡು ಗಿರಾಕಿಗೆ ಹತ್ತಿರದಿಂದ ಕೊಡುವ ಸೇವೆ) ಇದ್ದು ಅದು ಹೋಮ್‌ಪೇಜನ್ನು ಕ್ಯಾಶ್ ಮಾಡಿದ್ದರೆ, ಹಿಂದೆ ಡೇಟಾಬೇಸ್ ಸತ್ತುಬಿದ್ದಿದ್ದರೂ ಅದು ನಗುನಗುತ್ತಾ 200 (ಎಲ್ಲ ಸರಿ ಅನ್ನುವ ಸಂಕೇತ) ಕೊಡುತ್ತದೆ. ಅದಕ್ಕೆ ಕ್ಯಾಶ್ ಆಗದ ಒಂದು ಚಿಕ್ಕ ಪುಟ ಮಾಡಿ. ಡೇಟಾಬೇಸ್‌ಗೆ ಒಂದು ಪ್ರಶ್ನೆ ಕೇಳಿ, ಉತ್ತರ ಬಂದರೆ ಮಾತ್ರ ಅದು "ಸರಿ" ಅನ್ನಲಿ. ಜೊತೆಗೆ ಒಂದು ಪ್ರಾಡಕ್ಟ್ ಪುಟಕ್ಕೆ ಕೀವರ್ಡ್ ಚೆಕ್ ಹಾಕಿ. ನಾನು "ಅಪ್ಪೆಮಿಡಿ" ಅಂತ ಹಾಕಿದ್ದೇನೆ. ಪ್ಲಗಿನ್ ಕೆಟ್ಟು ಅರ್ಧಂಬರ್ಧ ಪುಟ ಬಂದರೆ ಆ ಪದ ಇರುವುದಿಲ್ಲ, ಅಲರ್ಟ್ ಬರುತ್ತದೆ.

ಈಗ ಜೋಡಿಸುವ ಕೆಲಸ. ಆ ಅಗ್ಗದ ವಿಪಿಎಸ್‌ನಲ್ಲೇ ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್ ಹಾಕಿ. ಅದು ನಿಮ್ಮ ಸೈಟನ್ನು ಗಿರಾಕಿಯ ಹಾಗೆ ಹೊರಗಿನಿಂದ ತೆರೆದು ಡಿಎನ್‌ಎಸ್‌ಗೆ (ಹೆಸರಿನಿಂದ ಸರ್ವರ್ ವಿಳಾಸ ಹುಡುಕಲು) ಎಷ್ಟು, ಕನೆಕ್ಟ್ ಆಗಲು ಎಷ್ಟು, ಟಿಎಲ್‌ಎಸ್‌ಗೆ (ಸುರಕ್ಷಿತ ಸಂಪರ್ಕ ಕಟ್ಟಲು) ಎಷ್ಟು, ಸರ್ವರ್ ಯೋಚಿಸಲು ಎಷ್ಟು ಅಂತ ಬಿಡಿಸಿ ಕೊಡುತ್ತದೆ. ಸರ್ಟಿಫಿಕೇಟ್ ಯಾವಾಗ ಮುಗಿಯುತ್ತದೆ ಅನ್ನುವುದನ್ನೂ ಫೈಲ್ ನೋಡಿ ಅಲ್ಲ, ಎಂಜಿನ್‌ಎಕ್ಸ್ ನಿಜಕ್ಕೂ ಕೊಟ್ಟದ್ದನ್ನು ನೋಡಿ ಹೇಳುತ್ತದೆ. ಗ್ರಫಾನಾದಲ್ಲಿ ಒಂದೇ ಗ್ರಾಫ್‌ನಲ್ಲಿ ಎರಡು ಗೆರೆ ಎಳೆಯಿರಿ: ಮೇಲೆ ಹೊರಗಿನ ಒಟ್ಟು ಸಮಯ, ಕೆಳಗೆ ಎಂಜಿನ್‌ಎಕ್ಸ್ ಲಾಗ್‌ನಿಂದ ತಂದ ಅಪ್‌ಸ್ಟ್ರೀಮ್ ಸಮಯ. ಎರಡೂ ಒಟ್ಟಿಗೆ ಏರಿದರೆ ಒಳಗೆ ಹುಡುಕಿ. ಮೇಲಿನದು ಮಾತ್ರ ಏರಿದರೆ ಪಿಎಚ್‌ಪಿ ಮುಟ್ಟಬೇಡಿ, ಡಿಎನ್‌ಎಸ್, ಸಿಡಿಎನ್, ನೆಟ್‌ವರ್ಕ್ ನೋಡಿ.

ಎರಡರ ಅಂಕಿಗಳು ಹೊಂದುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅವು ಹೊಂದುವುದೇ ಇಲ್ಲ. ಅಮೆರಿಕದಿಂದ ಮುಂಬೈ ಸರ್ವರ್‌ಗೆ ಹೋಗಿ ಬರಲು 200 ಮಿಲಿಸೆಕೆಂಡ್ ಹತ್ತಿರ ಅಥವಾ ಅದಕ್ಕೂ ಜಾಸ್ತಿ ಬೇಕು, ಎಚ್‌ಟಿಟಿಪಿಎಸ್‌ನಲ್ಲಿ ಪುಟ ಬರುವ ಮೊದಲೇ ಹಾಗೆ ಎರಡು ಮೂರು ಸಲ ಓಡಾಡಬೇಕು. ಹೊರಗಿನ ಗೆರೆಯನ್ನು ಹೋದ ವಾರದ ಹೊರಗಿನ ಗೆರೆಯ ಜೊತೆ ಹೋಲಿಸಿ.

ಗಡಿಯಾರದ ವಿಷಯ. ಒಮ್ಮೆ 3:40ಕ್ಕೆ ಸೈಟ್ ಬಿದ್ದಿತ್ತು ಅಂತ ಮೇಲ್ ಬಂತು, ಬೆಳಗಿನ ಜಾವ 3:40ರ ಲಾಗನ್ನು ಅರ್ಧ ಗಂಟೆ ಜಾಲಾಡಿದೆ, ಏನೂ ಇಲ್ಲ. ಮೇಲ್ ಇದ್ದದ್ದು ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ), ನಮ್ಮ ಲೆಕ್ಕಕ್ಕೆ ಬೆಳಗ್ಗೆ 9:10. ಎಲ್ಲಾ ಕಡೆ ಒಂದೇ ಸಮಯ ಇಟ್ಟುಬಿಡಿ, ಯಾವುದಾದರೂ ಸರಿ.

ನನಗೆ ತುಂಬ ಉಪಯೋಗಕ್ಕೆ ಬಂದ ಉಪಾಯ ಇನ್ನೊಂದಿದೆ. ಹೊರಗಿನ ಟೂಲ್‌ಗಳು ಬಂದು ಹೋದಾಗ ತಮ್ಮ ಯೂಸರ್ ಏಜೆಂಟ್ ಹೆಸರು (ಬಂದದ್ದು ಯಾವ ಟೂಲ್ ಅನ್ನುವ ಗುರುತು) ಲಾಗ್‌ನಲ್ಲಿ ಬಿಟ್ಟು ಹೋಗುತ್ತವೆ. ಅಲರ್ಟ್ ಬಂದ ಕೂಡಲೇ ಆ ಕ್ಯಾಶ್ ಆಗದ ಪುಟಕ್ಕೆ ಅದು ಬಂದಿತ್ತಾ ಅಂತ ಲಾಗ್‌ನಲ್ಲಿ ಹುಡುಕಿ. ಬಂದು 500 (ಸರ್ವರ್‌ನಲ್ಲಿ ತಪ್ಪಾಗಿದೆ ಅನ್ನುವ ಸಂಕೇತ) ತೆಗೆದುಕೊಂಡು ಹೋಗಿದ್ದರೆ ತಪ್ಪು ನಿಮ್ಮದು. ಬಂದೇ ಇಲ್ಲ, ಆದರೆ ಎಂಜಿನ್‌ಎಕ್ಸ್ ಓಡುತ್ತಿದೆ ಅಂದರೆ ಬಹುಪಾಲು ದಾರಿಯಲ್ಲೇ ಎಲ್ಲೋ ತಪ್ಪಿದೆ.

ಕಾಯುವವನನ್ನು ಕಾಯುವವರು ಯಾರು? 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಇಂಟರ್ನೆಟ್ಟಿನಿಂದಲೇ ಮಾಯವಾದಾಗ ಅವರ ಒಳಗಿನ ಟೂಲ್‌ಗಳೂ ಜೊತೆಗೇ ಕೈಕೊಟ್ಟವು. ನಮ್ಮದು ಉಪ್ಪಿನಕಾಯಿ ಅಂಗಡಿ, ಆದರೂ ಇದಕ್ಕೆ ಸುಲಭದ ದಾರಿ ಇದೆ. ಪ್ರೊಮೀಥಿಯಸ್‌ನಲ್ಲಿ ಯಾವಾಗಲೂ ಹೊಡೆದುಕೊಳ್ಳುತ್ತಲೇ ಇರುವ ಒಂದು ಅಲರ್ಟ್ ಮಾಡಿ, ಅದರ ಅಲರ್ಟ್‌ಗಳನ್ನು ಹಂಚುವ ಅಲರ್ಟ್‌ಮ್ಯಾನೇಜರ್ ಮೂಲಕ ಅದನ್ನು ಹೆಲ್ತ್‌ಚೆಕ್ಸ್‌ನಂಥ ಕ್ಲೌಡ್ ಸೇವೆಗೆ ಕಳಿಸಿ. ಆ ಸದ್ದು ನಿಂತರೆ ಅವರು ನಿಮಗೆ ಮೇಲ್ ಮಾಡುತ್ತಾರೆ.

ಫೋನ್ ಹೊಡೆದುಕೊಳ್ಳುವುದು ಹೊರಗಿನ ಎರಡು ಟೂಲ್‌ಗಳೂ (ಅಪ್‌ಟೈಮ್‌ರೋಬಾಟ್, ಬ್ಲ್ಯಾಕ್‌ಬಾಕ್ಸ್) ಸೈಟ್ ಬಿದ್ದಿದೆ ಅಂದಾಗ ಮಾತ್ರ ಇರಲಿ. ಸಿಪಿಯು ಜಾಸ್ತಿ ಅನ್ನುವುದಕ್ಕೆಲ್ಲ ರಾತ್ರಿ ಏಳುವ ಅಗತ್ಯವಿಲ್ಲ, ಬೆಳಗ್ಗೆ ಮೇಲ್ ನೋಡಿದರಾಯಿತು.

ಎಲ್ಲಾ ಮುಗಿದ ಮೇಲೆ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ, ಅಂಗಡಿಯವರಿಗೆ ಮೊದಲೇ ಹೇಳಿ, ಎಂಜಿನ್‌ಎಕ್ಸ್ ಅನ್ನು ಬೇಕಂತಲೇ ಹತ್ತು ನಿಮಿಷ ನಿಲ್ಲಿಸಿ. ಯಾವ ಅಲರ್ಟ್ ಎಷ್ಟು ಹೊತ್ತಿಗೆ ಬಂತು ಬರೆದಿಡಿ. ಆಮೇಲೆ ಪ್ರೊಮೀಥಿಯಸ್ ನಿಲ್ಲಿಸಿ ನೋಡಿ. ನಾನು ಮೊದಲ ಸಲ ಹೀಗೆ ಮಾಡಿದಾಗ ಒಂದೂ ಬರಲಿಲ್ಲ. ಎಲ್ಲಾ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿದ್ದವು.