ಅಪ್ಪನಿಗೆ ಮಾತು ಕೇಳಿಸಲಿ ಅಂತ ರಿಸೀವರ್ ಹುಡುಕಿದ್ದು

ನಮ್ಮ ಮನೆ ಸಾಗರದ ಹತ್ತಿರ. ಅಪ್ಪನಿಗೆ 74 ವರ್ಷ, ತಾಳಮದ್ದಳೆ ಅಂದರೆ ಪ್ರಾಣ. ರಾತ್ರಿ ಊಟ ಮುಗಿಸಿ ಯೂಟ್ಯೂಬ್‌ನಲ್ಲಿ ಒಂದು ಪ್ರಸಂಗ ಹಾಕಿಕೊಂಡು ಕೂತರೆ ಹನ್ನೊಂದಾದರೂ ಏಳುವುದಿಲ್ಲ. ಆದರೆ ಟಿವಿ ವಾಲ್ಯೂಮ್ 20 ಇದ್ದದ್ದು ಬರುಬರುತ್ತಾ 35 ಆಯಿತು, 45 ಆಯಿತು. ಆದರೂ "ಅವ ಏನಂದ ಈಗ?" ಅಂತ ಕೇಳುವುದು ನಿಲ್ಲಲಿಲ್ಲ. ಭಾಗವತರ ಪದ ಕೇಳುತ್ತದೆ, ಚೆಂಡೆ ಕೇಳುತ್ತದೆ, ಅರ್ಥ ಹೇಳುವವರ ಮಾತು ಮಾತ್ರ ಕಲಸಿಹೋಗುತ್ತದೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಇರುವುದೇ ಮಾತು. ಅದೇ ಕೇಳದಿದ್ದರೆ ಹೇಗೆ?

ಕಿವಿ ಡಾಕ್ಟರಿಗೆ ತೋರಿಸಿದೆವು. ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ಮೇಲಿನ ಸ್ವರಗಳು ಅಂದರು. ಸ, ಶ, ತ, ಕ ಇಂಥ ಅಕ್ಷರಗಳ ಅಂಚು ಅಲ್ಲೇ ಇರುವುದು. ಅಂದರೆ ಸುಮ್ನೆ ಜೋರು ಮಾಡಿದರೆ ಪ್ರಯೋಜನವಿಲ್ಲ, ಸ್ಪಷ್ಟ ಆಗಬೇಕು. ತೆಳು ಟಿವಿಯ ಸ್ಪೀಕರ್ ಬೇರೆ ಕೆಳಕ್ಕೆ ಮುಖ ಮಾಡಿಕೊಂಡಿರುತ್ತದೆ. ಹೋಮ್ ಥಿಯೇಟರ್ ರಿಸೀವರ್, ಅಂದರೆ ಟಿವಿಯ ಶಬ್ದ ತಗೊಂಡು ಬೇರೆ ಬೇರೆ ಸ್ಪೀಕರಿಗೆ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ, ಹುಡುಕಲು ಹೊರಟಿದ್ದು ಈ ಕಾರಣಕ್ಕೆ. ಎಲ್ಲಾ ಸೇರಿ 45,000 ರೂಪಾಯಿ ದಾಟಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಂಡೆ.

ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಅರ್ಧ ದಿನ ತಿರುಗಿದೆ. ಹೋದ ಕಡೆಯಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: "ಎಷ್ಟು ವಾಟ್ ಬೇಕು ಸಾರ್?" ಆಗ ನನಗೂ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಕೂತು ಓದಿದ ಮೇಲೆ ಅರ್ಥವಾಯಿತು. ಯಮಹಾ ಆರ್‌ಎಕ್ಸ್-ವಿ385 ಅನ್ನೇ ತಗೊಳ್ಳಿ. ಎರಡು ಚಾನೆಲ್ (ಒಂದು ಸ್ಪೀಕರಿಗೆ ಒಂದು ಚಾನೆಲ್) ಒಟ್ಟಿಗೆ ಓಡಿಸಿ, ತಳದ ಸ್ವರದಿಂದ ಮೇಲಿನ ಸ್ವರದ ತನಕ, ಅಂದರೆ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಶೇ 0.09 ಡಿಸ್ಟಾರ್ಷನ್‌ನಲ್ಲಿ (ಶಬ್ದ ಕೆಡುವ ಪ್ರಮಾಣ) ಅಳೆದರೆ ಅದು 70 ವಾಟ್. ಒಂದೇ ಚಾನೆಲ್, 1 ಕಿಲೋಹರ್ಟ್ಸ್, ಶೇ 0.9 ಅಂದರೆ 100 ವಾಟ್. ಡಿಸ್ಟಾರ್ಷನ್ ಶೇ 10ಕ್ಕೆ ಬಿಟ್ಟರೆ 135 ವಾಟ್. ಮೂರೂ ಅದೇ ಯಂತ್ರ, ಮೂರೂ ನಿಜವಾದ ಅಂಕಿ. ಹಾಗಾಗಿ ಎರಡು ರಿಸೀವರ್ ಹೋಲಿಸುವಾಗ ಮೊದಲನೇ ರೀತಿಯಲ್ಲಿ ಅಳೆದ ಅಂಕಿ ಮಾತ್ರ ನೋಡಿ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 1000 ವಾಟ್ ಅಂತಿದ್ದರೆ ಕೆಳಗಿನ ಸಣ್ಣ ಅಕ್ಷರ ಓದದೆ ದುಡ್ಡು ಕೊಡಬೇಡಿ.

ಇನ್ನೊಂದು ಲೆಕ್ಕ ನನ್ನ ಕಣ್ಣು ತೆರೆಸಿತು. ವಾಟ್ ಎರಡರಷ್ಟು ಮಾಡಿದರೆ ಶಬ್ದ ಜಾಸ್ತಿಯಾಗುವುದು ಬರೀ 3 ಡೆಸಿಬೆಲ್. ಸ್ಪೀಕರಿನ ಸೆನ್ಸಿಟಿವಿಟಿ (ಅಷ್ಟೇ ವಾಟಿಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವ ಅಂಕಿ) 86ರ ಬದಲು 89 ಡೆಸಿಬೆಲ್ ಇದ್ದರೂ ಅಷ್ಟೇ ಸಿಗುತ್ತದೆ, ರಿಸೀವರಿಗೆ ಒಂದು ಪೈಸೆ ಜಾಸ್ತಿ ಹಾಕಬೇಕಿಲ್ಲ. ನಮ್ಮ ಜಗುಲಿ 11 ಅಡಿಗೆ 14 ಅಡಿ. ಅಷ್ಟರೊಳಗೆ ಮಾತು ಕೇಳುವುದಕ್ಕೆ ಒಂದೆರಡು ವಾಟ್ ಸಾಕು. ಆಗಲೇ ನಿರ್ಧಾರ ಮಾಡಿದೆ: ರಿಸೀವರ್ ಸೆಕೆಂಡ್ ಹ್ಯಾಂಡ್ ತಗೊಳ್ಳೋದು, ಉಳಿದ ದುಡ್ಡು ಸ್ಪೀಕರಿಗೆ. ಅದೂ ಐದಲ್ಲ, ಮೂರೇ. ಎಡ, ಬಲ, ನಡುವೆ ಸೆಂಟರ್. ಐದು ಸಾಧಾರಣ ಸ್ಪೀಕರಿಗಿಂತ ಒಂದೇ ಸರಣಿಯ ಮೂರು ಒಳ್ಳೆಯವು ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾತು ಹೆಚ್ಚಾಗಿ ಬರುವುದು ಸೆಂಟರಿನಿಂದ. ಕೂತವರ ಹಿಂದೆ ಇಡುವ ಉಳಿದ ಎರಡು ಯಾವಾಗ ಬೇಕಾದರೂ ಸೇರಿಸಬಹುದು. ಪೋಲ್ಕ್ ಟಿ15 ಜೋಡಿ, ಅದೇ ಸರಣಿಯ ಟಿ30 ಸೆಂಟರ್ ತಗೊಂಡೆ.

ನಡುವೆ ನ್ಯೂಜೆರ್ಸಿಯ ಭಾವ ಫೋನ್ ಮಾಡಿ, "ನನ್ನ ಹಳೇ ರಿಸೀವರ್ ಸುಮ್ನೆ ಬಿದ್ದಿದೆ, ಬರುವಾಗ ತರ್ತೀನಿ ಮಾರಾಯ" ಅಂದರು. ಆಸೆ ಆಯಿತು. "ಹಿಂದುಗಡೆ ಲೇಬಲ್ ಫೋಟೋ ಕಳಿಸಿ ಭಾವ" ಅಂದೆ. 120 ವೋಲ್ಟ್, 60 ಹರ್ಟ್ಸ್ ಅಂತಿತ್ತು. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸಬಹುದು, ನಿಜ. ಆದರೆ ನಾನು ಮನೆಯಲ್ಲಿ ಇಲ್ಲದಾಗ ಯಾರಾದರೂ ಪ್ಲಗ್ ಬದಲಾಯಿಸಿದರೆ? ಬೇಡ ಅಂದೆ. ಹೊರದೇಶದಿಂದ ತರಿಸುವವರು ದಯವಿಟ್ಟು ಈ ಲೇಬಲ್ ಮೊದಲು ನೋಡಿ.

ಸೆಕೆಂಡ್ ಹ್ಯಾಂಡಿನಲ್ಲಿ ನನಗೆ ಬೇಕಾಗಿದ್ದು ಎರಡೇ. ಒಂದು, ಎಚ್‌ಡಿಎಂಐ ಎಆರ್‌ಸಿ. ರಿಸೀವರಿನಿಂದ ಟಿವಿಗೆ ಚಿತ್ರ ಹೋಗುವ ಎಚ್‌ಡಿಎಂಐ ತಂತಿಯಲ್ಲೇ ಟಿವಿಯ ಶಬ್ದ ರಿಸೀವರಿಗೆ ವಾಪಸ್ ಬರುವ ವ್ಯವಸ್ಥೆ ಇದು. ಜೊತೆಗೆ ಸಿಇಸಿ ಇದ್ದರೆ ಟಿವಿ ರಿಮೋಟಿನಲ್ಲೇ ರಿಸೀವರ್ ಆನ್ ಆಗುತ್ತದೆ, ವಾಲ್ಯೂಮ್ ಏರಿಳಿಯುತ್ತದೆ. ಅಪ್ಪನ ಕೈಗೆ ಎರಡು ರಿಮೋಟ್ ಕೊಟ್ಟರೆ ಈ ಕೆಲಸ ಅರ್ಧ ಕೆಟ್ಟ ಹಾಗೆ. ಎರಡನೆಯದು, ಮೈಕ್ ಇಟ್ಟು ಕೋಣೆ ಅಳೆಯುವ ಸೌಲಭ್ಯ. ಅಟ್ಮಾಸ್, ಅಂದರೆ ತಲೆಯ ಮೇಲಿನಿಂದಲೂ ಶಬ್ದ ಬರುವ ವ್ಯವಸ್ಥೆ, ಬೇಕೆನಿಸಲಿಲ್ಲ. ನಮ್ಮದು ಇಳಿಜಾರು ಹೆಂಚಿನ ಮಾಡು, ಮೇಲಿನಿಂದ ಶಬ್ದ ಬರುವ ಹಾಗೆ ಸ್ಪೀಕರ್ ಕೂರಿಸಲು ಜಾಗವೇ ಇಲ್ಲ. ಒಟಿಟಿಯಲ್ಲಿ ಅಟ್ಮಾಸ್ ಸಿನಿಮಾ ಹಾಕಿದರೂ ಇಂಥ ರಿಸೀವರಿಗೆ 5.1 (ಐದು ಸ್ಪೀಕರ್, ತಳದ ಸ್ವರಕ್ಕೆ ಒಂದು ಸಬ್‌ವೂಫರ್) ಸಿಕ್ಕೇ ಸಿಗುತ್ತದೆ.

ಕೊನೆಗೆ ಬೆಂಗಳೂರಿನ ಒಬ್ಬರ ಹತ್ತಿರ ಅದೇ ಆರ್‌ಎಕ್ಸ್-ವಿ385 ಸಿಕ್ಕಿತು, 16,500ಕ್ಕೆ. ನೋಡಲು ಹೋಗುವಾಗ ಒಂದು ಸ್ಪೀಕರ್, ಎರಡು ಮಾರು ತಂತಿ, ಲ್ಯಾಪ್‌ಟಾಪ್, ಎಚ್‌ಡಿಎಂಐ ಕೇಬಲ್ ಎಲ್ಲಾ ಚೀಲಕ್ಕೆ ತುಂಬಿಕೊಂಡು ಹೋದೆ. ಐದೂ ಚಾನೆಲ್ಲಿಗೆ ಅದೇ ಸ್ಪೀಕರ್ ಒಂದೊಂದಾಗಿ ಹಾಕಿ ಟೆಸ್ಟ್ ಟೋನ್ ಕೇಳಿದೆ. ನಾಲ್ಕೂ ಎಚ್‌ಡಿಎಂಐ ಕಿಂಡಿಗೆ ಲ್ಯಾಪ್‌ಟಾಪ್ ಚುಚ್ಚಿ ಚಿತ್ರ ಬರುತ್ತಾ ನೋಡಿದೆ. ಹಳೇ ರಿಸೀವರಿನಲ್ಲಿ ಹೆಚ್ಚಾಗಿ ಕೈಕೊಡುವುದು ಈ ಎಚ್‌ಡಿಎಂಐ ಬೋರ್ಡೇ. ವಾಲ್ಯೂಮ್ ನಿಧಾನ ತಿರುಗಿಸುತ್ತಾ ಕರಕರ ಅನ್ನುತ್ತಾ ಅಂತ ಕಿವಿಗೊಟ್ಟೆ. ಅರ್ಧ ಗಂಟೆ ಓಡಲು ಬಿಟ್ಟು ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಮಾರುವವರು ಪಾಪ ತಾಳ್ಮೆಯಿಂದ ಎರಡು ಸಲ ಕಾಫಿ ಕೊಟ್ಟರು. ಡಬ್ಬದಲ್ಲಿ ಮೈಕ್ ಇದೆಯಾ ಅಂತ ನೋಡುವುದನ್ನು ಮಾತ್ರ ಮರೆಯಬೇಡಿ. ಅದು ಕಳೆದುಹೋಗಿದ್ದರೆ ಕೋಣೆ ಅಳೆಯುವ ಸೌಲಭ್ಯ ಇದ್ದೂ ಇಲ್ಲದಂತೆ.

ಮನೆಗೆ ತಂದು ಜೋಡಿಸಿದ ದಿನ ಒಂದು ಗಂಟೆ ಶಬ್ದವೇ ಬರಲಿಲ್ಲ. ಕಾರಣ ಇಷ್ಟೇ: ಎಚ್‌ಡಿಎಂಐ ಕಂಟ್ರೋಲ್ (ಆಗ ಹೇಳಿದ ಸಿಇಸಿಗೆ ಯಮಹಾ ಮೆನುವಿನ ಹೆಸರು) ಅನ್ನುವುದು ಆಫ್ ಆಗಿತ್ತು. ಮೆನುವಿನಲ್ಲಿ ಅದನ್ನು ಆನ್ ಮಾಡಬೇಕು, ಕೇಬಲನ್ನು ಟಿವಿಯಲ್ಲಿ ಎಆರ್‌ಸಿ ಅಂತ ಬರೆದ ಕಿಂಡಿಗೇ ಹಾಕಬೇಕು. ಟಿವಿಯ ಆಡಿಯೋ ಔಟ್‌ಪುಟ್ ಪಿಸಿಎಂ ಇದ್ದರೆ ಸಾಮಾನ್ಯವಾಗಿ ಎರಡೇ ಚಾನೆಲ್ ಬರುತ್ತದೆ. ಅದನ್ನು ಬಿಟ್‌ಸ್ಟ್ರೀಮ್ (ಬಂದ ಶಬ್ದವನ್ನು ಬಿಡಿಸದೆ ಹಾಗೇ ರಿಸೀವರಿಗೆ ಕಳಿಸುವುದು) ಅಥವಾ ಆಟೋ ಮಾಡಿ.

ಆಮೇಲೆ ಕೋಣೆ ಅಳೆಯುವ ಕೆಲಸ. ಯಮಹಾದವರು ಇದಕ್ಕೆ ವೈಪಿಎಒ ಅಂತಾರೆ. ಕ್ಯಾಮೆರಾ ಟ್ರೈಪಾಡಿಗೆ ಮೈಕ್ ಕೂರಿಸಿ, ಅಪ್ಪನ ಕುರ್ಚಿ ಇರುವ ಜಾಗದಲ್ಲಿ, ಅವರ ಕಿವಿಯ ಎತ್ತರಕ್ಕೆ ಇಟ್ಟೆ. ಸ್ಟಾರ್ಟ್ ಒತ್ತಿದರೆ ಇ-5, ನಾಯ್ಸಿ, ಅಂದರೆ ಕೋಣೆಯಲ್ಲಿ ಗದ್ದಲ ಇದೆ ಅನ್ನುವ ದೂರು. ಫ್ಯಾನ್ ಆರಿಸಿದೆ. ಮತ್ತೆ ಇ-5. ಅಮ್ಮನ ಹತ್ತಿರ ಹೇಳಿ ಮಿಕ್ಸಿ ನಿಲ್ಲಿಸಿದೆ. ಮತ್ತೆ ಅದೇ. ಸುಮ್ಮನೆ ನಿಂತು ಕೇಳಿದ ಮೇಲೆ ಗೊತ್ತಾಯಿತು, ಹೊರಗೆ ಜೀರುಂಡೆ. ಸಂಜೆ ಹೊತ್ತು, ಕಿಟಕಿ ತೆರೆದಿತ್ತು. ಹುಟ್ಟಿದಾಗಿನಿಂದ ಕೇಳಿದ ಶಬ್ದ, ನನ್ನ ಕಿವಿ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಾರನೇ ದಿನ ಮಧ್ಯಾಹ್ನ ಕಿಟಕಿ ಹಾಕಿಕೊಂಡು ಅಳೆದೆ. ಈ ಸಲ ಡಬ್ಲ್ಯೂ-1, ಫೇಸ್. ಎಡಗಡೆ ಸ್ಪೀಕರಿನ ಕೆಂಪು, ಕಪ್ಪು ಅದಲುಬದಲಾಗಿತ್ತು. ಹೀಗಿದ್ದರೆ ಎರಡು ಸ್ಪೀಕರ್ ಒಂದನ್ನೊಂದು ಕತ್ತರಿಸಿ ನಡುವೆ ಬರುವ ದನಿ ಪೊಳ್ಳಾಗುತ್ತದೆ. ಸರಿ ಮಾಡಿ ಮೂರನೇ ದಿನ ಮುಗಿಸಿದೆ.

ಯಂತ್ರ ಲೆಕ್ಕ ಹಾಕಿದ ಮೇಲೂ ಕೈಯಾರೆ ಕೆಲವು ಬದಲಾಯಿಸಿದೆ. ಸೆಂಟರನ್ನು ಲಾರ್ಜ್‌ನಿಂದ ಸ್ಮಾಲ್ ಮಾಡಿದೆ, ಅಂದರೆ ತಳದ ಸ್ವರ ಆ ಸ್ಪೀಕರಿಗೆ ಕಳಿಸಬೇಡ ಅಂತ. ಸಬ್‌ವೂಫರ್ ಇಲ್ಲದ್ದರಿಂದ ಅದರ ತಳದ ಸ್ವರ ಎಡ ಬಲಕ್ಕೆ ಹಂಚಿಹೋಯಿತು, ಮಾತಿನ ಗುಂಯ್ ಅನ್ನೋದು ಇಳಿಯಿತು. ಸೆಂಟರ್ ಮಟ್ಟ ಎರಡೂವರೆ ಡೆಸಿಬೆಲ್ ಏರಿಸಿದೆ. ಸ್ಪೀಕರನ್ನು ಟಿವಿ ಸ್ಟ್ಯಾಂಡಿನ ಗೂಡಿನಿಂದ ಅಂಚಿಗೆ ಎಳೆದು, ಮುಂಭಾಗದ ಕೆಳಗೆ ಅಡಿಕೆ ದಬ್ಬೆಯ ಒಂದು ಚೂರು ಕೊಟ್ಟು ಅಪ್ಪನ ಮುಖದ ಕಡೆಗೆ ವಾಲಿಸಿದೆ. ಮೆನುವಿನ ಯಾವ ಬದಲಾವಣೆಗಿಂತಲೂ ಈ ದಬ್ಬೆ ಚೂರಿನಿಂದ ಆದ ಉಪಕಾರ ದೊಡ್ಡದು. ನೆಲ ಕಾವಿ, ಗೋಡೆ ಗಟ್ಟಿ, ಶಬ್ದ ಪುಟಿಯುತ್ತಿತ್ತು. ಒಂದು ಜಮಖಾನೆ ಹಾಸಿದೆ.

ಹಳೇ ತಾಳಮದ್ದಳೆ ಧ್ವನಿಮುದ್ರಣಗಳಲ್ಲಿ ಎಡಕ್ಕೂ ಬಲಕ್ಕೂ ಒಂದೇ ಶಬ್ದ ಇರುತ್ತದೆ. ಸ್ಟೀರಿಯೋದಲ್ಲೇ ಬಿಟ್ಟರೆ ಸೆಂಟರ್ ಸುಮ್ಮನಿರುತ್ತದೆ. ರಿಸೀವರಿನಲ್ಲಿ ಡಾಲ್ಬಿ ಪ್ರೊ ಲಾಜಿಕ್ (ಎರಡು ಚಾನೆಲ್ಲಿನ ಶಬ್ದವನ್ನು ಉಳಿದ ಸ್ಪೀಕರಿಗೂ ಹಂಚುವ ವ್ಯವಸ್ಥೆ) ಹಾಕಿದಾಗ ಎರಡೂ ಕಡೆ ಸಮನಾಗಿ ಇರುವುದನ್ನೆಲ್ಲ ಅದು ಸೆಂಟರಿಗೆ ಕಳಿಸುತ್ತದೆ. ಚೆಂಡೆಯೂ ಅಲ್ಲಿಂದಲೇ ಬರುತ್ತದೆ ಅನ್ನಿ, ಆದರೆ ಕಿವಿಗೆ ನೇರ ಬರುವ ಒಂದೇ ಸ್ಪೀಕರ್, ಗೋಡೆಗೆ ಬಡಿದು ಬರುವ ಗಲಿಬಿಲಿ ಕಡಿಮೆ.

ಮಲೆನಾಡಿನವರಿಗೆ ಒಂದು ಮಾತು. ನಮ್ಮ ಹಿಂದಿನ ಸೆಟ್ ಹೋಗಿದ್ದು ಮೇ ತಿಂಗಳ ಸಿಡಿಲಿಗೆ. ಸ್ಪೈಕ್ ಗಾರ್ಡ್ ಹಾಕಿ, ಆದರೆ ಅದನ್ನೇ ನಂಬಬೇಡಿ. ಗುಡುಗು ದೂರದಲ್ಲಿ ಇರುವಾಗಲೇ ಪ್ಲಗ್ ಕೀಳಿ, ಡಿಶ್ ಕೇಬಲನ್ನೂ ಬಿಚ್ಚಿ. ಇದನ್ನು ಅಪ್ಪನೇ ಮಾಡುತ್ತಾರೆ ಈಗ, ನನಗಿಂತ ಮೊದಲು.

ಮೊದಲ ರಾತ್ರಿ ಅವರು ಹಾಕಿದ್ದು ಎಷ್ಟೋ ಸಲ ಕೇಳಿದ ಕರ್ಣಪರ್ವ. ನಾನು ಪಕ್ಕದಲ್ಲಿ ಕೂತಿದ್ದೆ. ಹತ್ತು ನಿಮಿಷಕ್ಕೆ ರಿಮೋಟ್ ತಗೊಂಡು ವಾಲ್ಯೂಮ್ ಎರಡು ಸಲ ಇಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಶಲ್ಯ ಆ ಮಾತು ಹೇಳುವ ಮೊದಲು ಸಣ್ಣಕ್ಕೆ ನಗ್ತಾನೆ ನೋಡು, ಇಷ್ಟು ದಿನ ಗೊತ್ತೇ ಆಗಿರಲಿಲ್ಲ" ಅಂದರು.