ಪ್ರಾರ್ಥನೆಗೆ ಕೂರುವ ಮೊದಲು ಎದುರಿಗೆ ಯಾರಿದ್ದಾರೆ ಅಂತ ನೋಡಿಕೊಳ್ಳಿ

ಮಳೆಗಾಲ ಹಿಡಿಯುವ ಮೊದಲು ನಮ್ಮ ಬದಿಯಡ್ಕ ಕಡೆ ಅಡಿಕೆಗೆ ಮದ್ದು ಬಿಡುತ್ತಾರೆ, ಕೊಳೆರೋಗ ಬಾರದಿರಲಿ ಅಂತ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸಿ ಆದ ಮೇಲೆ ಅಪ್ಪ ಒಂದು ಕತ್ತಿಯನ್ನು ಚೆನ್ನಾಗಿ ಉಜ್ಜಿ ಅದರಲ್ಲಿ ಅದ್ದುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದುವುದು. ಹಾಗೇ ಹೊಡೆದರೆ ಎಳೆಕಾಯಿ ಸುಟ್ಟುಹೋಗುತ್ತದೆ.

ಪ್ರಾರ್ಥನೆಯನ್ನೂ ಹೀಗೆ ಅದ್ದಿ ನೋಡಬೇಕು ಅಂತ ನನಗೆ ತಿಳಿದದ್ದು ತುಂಬ ತಡವಾಗಿ.

ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಈ ಕಡೆ ಬೆಳೆದ ಕ್ರೈಸ್ತ ಸಭೆಗಳಲ್ಲಿ ನಮ್ಮದೂ ಒಂದು. ಮನೆಯಲ್ಲಿ ಶಿಸ್ತು ಜಾಸ್ತಿ. ಐದನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಸಂಡೆ ಸ್ಕೂಲ್ ತಪ್ಪಿಸಿ ಕೆರೆಯಲ್ಲಿ ಆಡಲು ಹೋಗಿದ್ದೆ. "ದೇವರು ನೋಡ್ತಾ ಇರ್ತಾನೆ" ಅಂದರು ಅಜ್ಜಿ. ಆ ಮಳೆಗಾಲ ಕೊಳೆರೋಗ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಮರದ ಬುಡದ ತುಂಬ ಹಸಿರು ಕಾಯಿ, ಮೇಲೆ ಬಿಳಿ ಬೂಷ್ಟು. ನನ್ನಿಂದಲೇ ಆಯ್ತು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ದೊಡ್ಡವಳಾದ ಮೇಲೂ ಮಗುವಿಗೆ ಜ್ವರ ಬಂದರೆ "ನಾನೇನು ತಪ್ಪು ಮಾಡಿದೆ?" ಅನ್ನುವುದೇ ಮೊದಲ ಯೋಚನೆ. ಪ್ರಾರ್ಥನೆ ಅಂದರೆ ಬರೀ ಕ್ಷಮೆ ಕೇಳುವುದು. ಬೇಕಾದ್ದನ್ನು ಬಾಯಿಬಿಟ್ಟು ಕೇಳುವ ಧೈರ್ಯವೇ ಇರಲಿಲ್ಲ.

ನಾನು ಮಾಡಿದ ಹಾಗೆ ನೀವೂ ಮಾಡಿ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಏಳು ದಿನ, ಪ್ರಾರ್ಥನೆ ಮುಗಿದ ಕೂಡಲೇ, ಆಡಿದ ಮಾತನ್ನೇ ಬರೆಯಿರಿ. ಚಂದ ಮಾಡಬೇಡಿ. ಎಂಟನೇ ದಿನ ಎಲ್ಲವನ್ನೂ ಒಟ್ಟಿಗೆ ಓದಿ. ಮೊದಲ ಮಾತು ಏನು? ಹೆದರಿಕೆಯಾ, ಲೆಕ್ಕವಾ, ದೂರಾ? ಕೇಳಿದ್ದು ಸಿಗದಿದ್ದ ದಿನ ಏನು ಬರೆದಿರಿ? ನೀವು ನಿಜವಾಗಿ ನಂಬಿರುವ ದೇವರು ಎಂಥವನು ಅಂತ ಅಲ್ಲಿ ಕಾಣುತ್ತದೆ. ಬಾಯಲ್ಲಿ ನಾವೆಲ್ಲ "ದೇವರು ಪ್ರೀತಿ" ಅಂತಲೇ ಹೇಳುತ್ತೇವೆ, ಅಲ್ವಾ?

ಆಮೇಲೆ ಬೈಬಲಿನ ಮತ್ತಾಯ 25ರ ತಲಾಂತುಗಳ ಸಾಮ್ಯ ಓದಿ. ಊರು ಬಿಟ್ಟು ಹೋಗುವ ಯಜಮಾನ ಮೂವರು ಆಳುಗಳ ಕೈಗೆ ತನ್ನ ಹಣ (ತಲಾಂತು) ಕೊಟ್ಟುಹೋಗುವ ಕಥೆ. ಮೂರನೇ ಆಳು ಕದಿಯಲಿಲ್ಲ, ಪೋಲು ಮಾಡಲಿಲ್ಲ. ಯಜಮಾನ ಕಠಿಣ ಮನುಷ್ಯ ಅಂತ ಹೆದರಿ ಹಣವನ್ನು ನೆಲದಲ್ಲಿ ಹೂತಿಟ್ಟ, ಅಷ್ಟೆ. ಉಳಿದ ಇಬ್ಬರಿಗೂ ಅದೇ ಯಜಮಾನ. ಅವರು ವ್ಯಾಪಾರ ಮಾಡಿ ಇಮ್ಮಡಿ ಮಾಡಿದರು. ಮೊದಲ ಸಲ ಗಮನ ಕೊಟ್ಟು ಓದಿದ ದಿನ ನಾನು ಪುಸ್ತಕ ಮುಚ್ಚಿ ಅತ್ತಿದ್ದೆ. ಎಷ್ಟು ವರ್ಷ ಹೂತಿಟ್ಟಿದ್ದೆ!

ದೇವರನ್ನು ಅಂಗಡಿಯವನ ಹಾಗೆ ಕಾಣುವವರೂ ಇದ್ದಾರೆ. ಇಷ್ಟು ಉಪವಾಸ, ಇಷ್ಟು ಕಾಣಿಕೆ, ಮಗನಿಗೆ ಗಲ್ಫ್ ವೀಸಾ. ವೀಸಾ ಬರದಿದ್ದರೆ ಸಭೆಗೇ ಬರುವುದಿಲ್ಲ. ಅವರು ದಾನಿಯೇಲ 3ನೇ ಅಧ್ಯಾಯದಲ್ಲಿ, ಅರಸನ ಬೊಂಬೆಗೆ ಅಡ್ಡಬೀಳದಿದ್ದರೆ ಬೆಂಕಿಗೆ ಹಾಕುತ್ತೇವೆ ಅಂದಾಗ ಆ ಮೂವರು ಆಡಿದ ಮಾತನ್ನು ಓದಲಿ: ದೇವರು ಬಿಡಿಸಬಲ್ಲ, ಬಿಡಿಸದಿದ್ದರೂ ನಾವು ಬೊಂಬೆಗೆ ಅಡ್ಡಬೀಳುವುದಿಲ್ಲ.

ಈಗ ಸುಣ್ಣ ಸೇರಿಸುವ ಕೆಲಸ. ಲೂಕ 15 ನಿಧಾನವಾಗಿ ಓದಿ. ಮನೆಬಿಟ್ಟು ಹೋದ ಮಗ ದಾರಿಯಲ್ಲೇ ಮಾತು ಜೋಡಿಸಿಕೊಂಡಿದ್ದಾನೆ: ಪಾಪ ಮಾಡಿದ್ದೇನೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ. ತಂದೆ ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಗ ಮೊದಲ ಎರಡು ಮಾತು ಹೇಳುತ್ತಾನೆ. ಕೂಲಿಯಾಳಿನ ಮಾತು ಬರುವ ಮೊದಲೇ ತಂದೆ ಅಂಗಿ ತರಲು ಹೇಳಿ ಆಗಿದೆ. ನಿಮ್ಮ ನೋಟ್‌ಬುಕ್ಕಿನಲ್ಲೂ ಕೂಲಿಯಾಳು ಆಡುವಂಥ ಸಾಲುಗಳಿಗೆ ಗೆರೆ ಎಳೆಯಿರಿ. ಅದೇ ಕೋರಿಕೆಯನ್ನು ಮನೆಯ ಮಗಳಾಗಿ, ಮಗನಾಗಿ ಮತ್ತೆ ಬರೆಯಿರಿ. ಮನೆಯಲ್ಲಿ ಅಪ್ಪನಿಂದ ಪೆಟ್ಟು ತಿಂದು ಬೆಳೆದವರಿಗೆ "ಅಪ್ಪ" ಅನ್ನುವುದೇ ಕಷ್ಟ. ನನ್ನ ಸಂಡೆ ಸ್ಕೂಲಿನಲ್ಲೂ ಅಂಥ ಮಕ್ಕಳನ್ನು ನೋಡಿದ್ದೇನೆ. ಅವರು ಯೆಶಾಯ 66:13ರಿಂದ ಶುರು ಮಾಡಲಿ. ಅಲ್ಲಿ ದೇವರು ತಾಯಿಯ ಹಾಗೆ ಸಂತೈಸುತ್ತಾನೆ.

ಹಾಗಾದರೆ ಕೇಳಿದ್ದೆಲ್ಲ ಸಿಗುತ್ತದಾ? ಇಲ್ಲ. ಅಪೊಸ್ತಲ ಪೌಲ ತನ್ನ ದೇಹದಲ್ಲಿ ಮುಳ್ಳಿನ ಹಾಗಿದ್ದ ಬಾಧೆ ಹೋಗಲಿ ಅಂತ ಮೂರು ಸಲ ಬೇಡಿದ. ಹೋಗಲಿಲ್ಲ, ಕೃಪೆ ಸಿಕ್ಕಿತು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆಯಲ್ಲಿ ಯೇಸುವೇ "ಅಪ್ಪಾ, ಈ ಪಾತ್ರೆ ತೆಗೆ", ಅಂದರೆ ಈ ಸಂಕಟ ತಪ್ಪಿಸು, ಅಂತ ಕೇಳಿ, ಆಮೇಲೆ "ನಿನ್ನ ಚಿತ್ತ" ಅಂದ. ಕ್ರಮ ನೋಡಿ: ಮೊದಲು ನೇರವಾಗಿ ಕೇಳಿದ್ದು. ನಾವು ಎಷ್ಟೋ ಸಲ ಕೇಳುವ ಮೊದಲೇ "ನಿನ್ನ ಚಿತ್ತ" ಅಂದುಬಿಡುತ್ತೇವೆ. ನನ್ನ ಮಟ್ಟಿಗೆ ಅದು ನಂಬಿಕೆ ಆಗಿರಲಿಲ್ಲ, ಹೆದರಿಕೆ.

ಹೋದ ವರ್ಷ "ಮದ್ದು ಬಿಡುವ ಎರಡು ದಿನ ಮಳೆ ಬೇಡ" ಅಂತ ಬರೆದಿದ್ದೆ. ಎರಡನೇ ದಿನ ಮಧ್ಯಾಹ್ನವೇ ಸುರಿಯಿತು. ಆ ರಾತ್ರಿಯ ಪುಟ ಹೀಗಿದೆ: "ಅಪ್ಪಾ, ತುಂಬ ಬೇಜಾರಾಗಿದೆ. ಮೂರು ಡ್ರಮ್ ಮದ್ದು ತೊಳೆದುಹೋಯ್ತು. ಬಿಸಿಲು ಬಂದ ಮೇಲೆ ಮತ್ತೆ ಮದ್ದು ಬಿಡಬೇಕು, ಮರ ಹತ್ತುವವರು ಸಿಗುವ ಹಾಗೆ ಮಾಡು." ನಾನೇನು ತಪ್ಪು ಮಾಡಿದೆ ಅನ್ನುವ ಮಾತು ಆ ಪುಟದಲ್ಲಿ ಎಲ್ಲೂ ಇಲ್ಲ.