ಪಂಪಿನೊಳಗೆ ಮಲ್ಲಿಗೆಯ ಬಾಳೆನಾರು

ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ. ಒಗೆಯೋ ಬಟ್ಟೆ ರಾಶಿ ಬಿದ್ದಿತ್ತು. ಮಧ್ಯಾಹ್ನ ಹೆಂಡತಿ ಬಚ್ಚಲಿನಿಂದ ಕೂಗಿದಳು. "ರೀ, ಮಷಿನ್ ನಿಂತುಹೋಗಿದೆ, ಒಳಗೆ ನೀರು ಹಾಗೇ ಇದೆ." ಹೋಗಿ ನೋಡಿದರೆ ಗಾಜಿನ ಬಾಗಿಲ ಹಿಂದೆ ಬೂದು ಬಣ್ಣದ ನೊರೆ ನೀರು. ಅದರಲ್ಲಿ ಅಮ್ಮನ ಸೀರೆ, ನನ್ನ ಪಂಚೆ. ಬಾಗಿಲು ಲಾಕ್. ಪರದೆ ಮೇಲೆ ಏನೋ ಒಂದು ಕೋಡ್ ಮಿಣುಕುತ್ತಿತ್ತು.

ಸರ್ವಿಸ್‌ನವರಿಗೆ ಫೋನ್ ಮಾಡಿದೆ. ಮಷಿನ್ ಮುಖ ಕೂಡ ನೋಡದೆ, "ಪಂಪ್ ಹೋಗಿರತ್ತೆ ಸಾರ್, ಹೊಸದು ಹಾಕಬೇಕು, ಬುಧವಾರ ಬರ್ತೀವಿ" ಅಂದರು. ಅವತ್ತು ಶನಿವಾರ. ಮೈಸೂರಿನ ಶ್ರಾವಣದ ಜಡಿಮಳೆಯಲ್ಲಿ ಒದ್ದೆ ಬಟ್ಟೆಯನ್ನು ಬುಧವಾರದವರೆಗೆ ಇಟ್ಟರೆ ಮನೆಯೆಲ್ಲ ಮುಗ್ಗಲು ವಾಸನೆ. ನಾನೇ ಕೈ ಹಾಕಿದೆ.

ನೀರು ಹೋಗ್ತಿಲ್ಲ, ಬಟ್ಟೆ ಹಿಂಡ್ತಿಲ್ಲ ಅಂತ ನಾವು ಎರಡು ದೂರು ಹೇಳ್ತೀವಿ. ಫ್ರಂಟ್ ಲೋಡ್ ಮಷಿನ್‌ನಲ್ಲಿ ಬಹಳ ಸಲ ಅದು ಒಂದೇ ದೂರು. ಡ್ರಮ್ಮಿನ ತಳದಿಂದ ಒಂದು ಸಣ್ಣ ಟ್ಯೂಬ್ ಮೇಲಕ್ಕೆ ಹೋಗಿರುತ್ತದೆ. ನೀರು ಏರಿದಂತೆ ಅದರೊಳಗಿನ ಗಾಳಿ ಒತ್ತಿಕೊಂಡು ಮೇಲಿರುವ ಪ್ರೆಶರ್ ಸ್ವಿಚ್‌ಗೆ ಸುದ್ದಿ ಮುಟ್ಟಿಸುತ್ತದೆ. ನೀರು ಇನ್ನೂ ಇದೆ ಅಂತ ಗೊತ್ತಾದರೆ ಮಷಿನ್ ಜೋರಾಗಿ ತಿರುಗೋದೇ ಇಲ್ಲ. ಹಾಗಾಗಿ ನಾನು ಹಿಂಡೋ ವಿಷಯ ಬಿಟ್ಟು ನೀರಿನ ಹಿಂದೆ ಬಿದ್ದೆ.

ಮೊದಲು ಕಿವಿ ಕೊಟ್ಟೆ. ಬಟ್ಟೆ ಹಿಂಡುವ ಬಟನ್ ಒತ್ತಿ, ಕೆಳಗೆ ಬಲಮೂಲೆಯ ಹತ್ತಿರ ಕೂತೆ. "ಊಂ..." ಅಂತ ಒಂದೇ ಸಮನೆ ಗುಂಯ್‌ಗುಡುವ ಸದ್ದು. ನನಗೆ ಅರ್ಧ ಸಮಾಧಾನ ಆಗಿದ್ದೇ ಅಲ್ಲಿ. ನೀರನ್ನು ಹೊರಕ್ಕೆ ತಳ್ಳುವ ಪಂಪಿಗೆ ಕರೆಂಟು ಬರ್ತಾ ಇದೆ, ಅದು ತಿರುಗೋಕೆ ಒದ್ದಾಡ್ತಾ ಇದೆ, ಏನೋ ಹಿಡಿದುಕೊಂಡಿದೆ ಅಂತ ಅದರರ್ಥ. ಸದ್ದೇ ಇಲ್ಲದಿದ್ದರೆ ವೈರು, ಬೋರ್ಡು, ಇಲ್ಲಾ ಪಂಪಿನ ಕಾಯಿಲ್, ಅಂದರೆ ಒಳಗಿನ ತಂತಿಸುರುಳಿ, ಕೆಟ್ಟಿರಬಹುದು. ಆಗ ಪ್ಲಗ್ ಕಿತ್ತು, ತಂತಿಯ ತಡೆ ಅಳೆಯುವ ಮಲ್ಟಿಮೀಟರ್ ಹಿಡಿಯಬೇಕು. ಸಾಮಾನ್ಯ ಡ್ರೈನ್ ಪಂಪಿನ ಕಾಯಿಲ್ 150ರಿಂದ 200 ಓಮ್ ಆಸುಪಾಸು ತೋರಿಸುತ್ತದೆ. ಇನ್ನು ಪಂಪ್ ಸಲೀಸಾಗಿ ತಿರುಗುವ ಸದ್ದು ಬಂದೂ ನೀರು ಹೋಗದಿದ್ದರೆ ಪೈಪನ್ನು ನೋಡಬೇಕು. ಮಷಿನ್ ಹಿಂದಕ್ಕೆ ತಳ್ಳಿದಾಗ ಪೈಪು ಗೋಡೆಗೆ ಸಿಕ್ಕಿ ಮಡಚಿಕೊಳ್ಳೋದು ಬಹಳ ಮಾಮೂಲು. ನಮ್ಮದು ಸರಿಯಾಗೇ ಇತ್ತು.

ಪ್ಲಗ್ ಕಿತ್ತೆ. ಬಿಸಿನೀರಿನಲ್ಲಿ ಹಾಕಿದ್ದರಿಂದ ಒಂದು ಗಂಟೆ ಬಿಟ್ಟೆ, ಆ ನೀರು ಕೈ ಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ಕೆಳಗಿನ ಸಣ್ಣ ಮುಚ್ಚಳ ತೆಗೆದರೆ ಫಿಲ್ಟರಿನ ಗುಂಡನೆ ತಿರುಪು ಕಾಣುತ್ತದೆ. ಅದನ್ನು ಒಂದೇ ಸಲಕ್ಕೆ ಬಿಚ್ಚಬಾರದು. ನಾನು ಹಿಂದೊಮ್ಮೆ ಬಿಚ್ಚಿ ಹಾಲ್‌ವರೆಗೂ ನೀರು ಹರಿಸಿದವನು. ಈ ಸಲ ಅಡುಗೆಮನೆಯಿಂದ ಅಗಲವಾದ ತಟ್ಟೆ ತಂದು ಕೆಳಗಿಟ್ಟೆ. ಸ್ವಲ್ಪ ಸಡಿಲಿಸೋದು, ತಟ್ಟೆ ತುಂಬಿದಾಗ ಬಿಗಿ ಮಾಡೋದು, ಬಕೆಟ್ಟಿಗೆ ಸುರಿಯೋದು. ಒಂದು ಬಕೆಟ್ ತುಂಬುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಕೆಲವು ಮಷಿನ್‌ಗಳಲ್ಲಿ ಪಕ್ಕದಲ್ಲೇ ನೀರು ಬಿಡಲು ಸಣ್ಣ ಪೈಪಿರುತ್ತದೆ. ನಮ್ಮದರಲ್ಲಿ ಇಲ್ಲ.

ಫಿಲ್ಟರಿನಲ್ಲಿ ಸಿಕ್ಕಿದ್ದು ಲೋಳೆ, ಕೂದಲು, ಒಂದು ಅಂಗಿ ಗುಂಡಿ, ಒಂದು ರೂಪಾಯಿ ನಾಣ್ಯ. ಓಹೋ, ಇದೇ ಅಂತ ಖುಷಿಯಾಗಿ ತೊಳೆದು ಹಾಕಿ ಮತ್ತೆ ಚಾಲೂ ಮಾಡಿದೆ. ಮತ್ತೆ ಅದೇ "ಊಂ..."

ಬಹಳ ಜನ ಇಲ್ಲಿಗೆ ಕೈಚೆಲ್ಲಿ ಹೊಸ ಪಂಪ್ ಹಾಕಿಸುತ್ತಾರೆ. ನಾನು ಪ್ಲಗ್ ಕಿತ್ತು, ಫಿಲ್ಟರ್ ಮತ್ತೆ ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ ಆ ಗೂಡಿನೊಳಗೆ ಇಣುಕಿದೆ. ಹಿಂಭಾಗದಲ್ಲಿ ಪಂಪಿನ ಪುಟ್ಟ ಫ್ಯಾನು ಕಾಣುತ್ತದೆ. ಅದರ ಬುಡಕ್ಕೆ ಕಂದು ಬಣ್ಣದ ಎಳೆ ಬಿಗಿಯಾಗಿ ಸುತ್ತಿಕೊಂಡಿತ್ತು. ಹೆಂಡತಿಯ ಹುಬ್ಬು ಕೀಳುವ ಚಿಮುಟ ಕೇಳಿದೆ. ಬೈದುಕೊಂಡೇ ಕೊಟ್ಟಳು. ಎಳೆದರೆ ಬಂದದ್ದು ಬಾಳೆನಾರು! ದೇವರಾಜ ಮಾರುಕಟ್ಟೆಯಿಂದ ತಂದಿದ್ದ ಮಲ್ಲಿಗೆ ಮಾಲೆಯ ನಾರು. ಹೂವೆಲ್ಲ ಕೊಳೆತು ಹೋಗಿ ನಾರು ಮಾತ್ರ ಉಳಿದಿತ್ತು. ನೆನೆದ ಬಾಳೆನಾರು ಎಂಥ ಗಟ್ಟಿ ಅಂತ ಅವತ್ತು ಗೊತ್ತಾಯಿತು. ಎಳೆ ಎಳೆಯಾಗಿ ಬಿಡಿಸೋಕೆ ಇಪ್ಪತ್ತು ನಿಮಿಷ ಹಿಡಿಯಿತು.

ಅಮ್ಮ ದೇವಸ್ಥಾನದಲ್ಲಿ ಕೊಟ್ಟ ಹೂವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬರುತ್ತಾರೆ. ನಾಣ್ಯವೂ ಅಲ್ಲಿಂದಲೇ. ಕೈಗೆ ಕೊಟ್ಟರೆ, "ಅಯ್ಯೋ, ಬೆಟ್ಟಕ್ಕೆ ಅಂತ ಎತ್ತಿಟ್ಟ ಮುಡಿಪು ಕಣೋ ಅದು, ಎಲ್ಲೋಯ್ತು ಅಂತ ಹುಡುಕ್ತಿದ್ದೆ" ಅಂದರು.

ನಾರು ತೆಗೆದ ಮೇಲೆ ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿದೆ. ಅದು ಸಲೀಸಾಗಿ ತಿರುಗಲಿಲ್ಲ, ತಡೆದು ತಡೆದು ತಿರುಗಿತು. ಹೆದರಬೇಕಿಲ್ಲ. ಒಳಗೆ ಅಯಸ್ಕಾಂತ ಇರೋದರಿಂದ ಹಾಗೇ ಇರುತ್ತದೆ. ಫಿಲ್ಟರಿನ ರಬ್ಬರ್ ಬಳೆ ಒರೆಸಿ ಬಿಗಿ ಮಾಡಿದೆ. ಪ್ಲಗ್ ಹಾಕಿ ಬಟನ್ ಒತ್ತಿದೆ. ಪೈಪಿನಿಂದ ಧೋ ಅಂತ ನೀರು.

ಹಿಂಡೋಕೆ ಶುರುಮಾಡಿದ ಮಷಿನ್ ಮಾತ್ರ ಎರಡು ಸಲ ನಿಧಾನವಾಗಿ ಹೊರಳಿ ಸುಮ್ಮನಾಯಿತು. ಎದೆ ಧಸಕ್ಕೆಂದಿತು. ನೋಡಿದರೆ ಒದ್ದೆ ಜಮಖಾನ ಒಂದೇ ಕಡೆ ಮುದ್ದೆಯಾಗಿ ಕೂತಿತ್ತು. ಭಾರ ಒಂದೇ ಕಡೆ ಬಿದ್ದರೆ ಮಷಿನ್ ತಾನಾಗಿಯೇ ವೇಗ ಏರಿಸೋದಿಲ್ಲ. ಅದನ್ನು ಬಿಡಿಸಿ, ಜೊತೆಗೆ ಎರಡು ಟವೆಲ್ ಹಾಕಿದ ಮೇಲೆ ಸರಿಹೋಯಿತು.

ಮಂಡ್ಯದಲ್ಲಿರುವ ತಂಗಿಗೆ ಇದನ್ನೆಲ್ಲ ಫೋನಿನಲ್ಲಿ ಕೊಚ್ಚಿಕೊಂಡೆ. "ನಮ್ಮದು ಟಾಪ್ ಲೋಡ್ ಕಣಣ್ಣ, ಅದಕ್ಕೆ ಫಿಲ್ಟರ್ ಎಲ್ಲಿದೆ?" ಅಂದಳು. ಸರಿಯಾಗೇ ಕೇಳಿದಳು. ನಮ್ಮ ಕಡೆಯ ಹೆಚ್ಚಿನ ಟಾಪ್ ಲೋಡ್‌ಗಳಲ್ಲಿ ಪಂಪೇ ಇಲ್ಲ, ನೀರು ತಾನಾಗಿಯೇ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಪೈಪು ನೆಲದ ಮೇಲೇ ಇರಬೇಕು, ಎತ್ತಿ ಕಟ್ಟಿದರೆ ನೀರು ನಿಲ್ಲುತ್ತದೆ. ಅದರಲ್ಲಿ ಒಂದು ಸಣ್ಣ ಡ್ರೈನ್ ಮೋಟರ್ ನೀರಿನ ವಾಲ್ವನ್ನೂ ಹಿಂಡುವ ಕ್ಲಚ್ಚನ್ನೂ ಒಟ್ಟಿಗೆ ಎಳೆಯುತ್ತದೆ. ಅದು ಕೆಟ್ಟರೆ ಎರಡೂ ಬಂದ್.

ಈಗ ತಿಂಗಳಿಗೊಮ್ಮೆ ಫಿಲ್ಟರ್ ಬಿಚ್ಚುತ್ತೇನೆ. ಅಮ್ಮನ ಸೆರಗು ನೋಡುವ ಕೆಲಸ ಹೆಂಡತಿಯದು. ಹೋದ ಸಲ ಸಿಕ್ಕಿದ್ದು ಒಂದು ಸೇಫ್ಟಿ ಪಿನ್ನು. ಅದು ಯಾರದ್ದು ಅಂತ ಇಬ್ಬರೂ ಒಪ್ಪಿಕೊಂಡಿಲ್ಲ.